ಇಪ್ಪತ್ನಾಲ್ಕು ಹೆಜ್ಜೆ

ತುಮಕೂರಿನ ಒಂದು ಮಹಿಳಾ ಕಾಲೇಜಿನಲ್ಲಿ ಪ್ರೇಮಲೀಲಾ ಎಂಬ ಸಾಫ್ಟ್‌ಬಾಲ್ ತರಬೇತುದಾರರಿದ್ದರು. ಬೆಳಿಗ್ಗೆ ಆರು ಗಂಟೆಗೆ ಸರಿಯಾಗಿ ಅವರು ಮೈದಾನದ ಗೇಟಿನ ಬಳಿ ನಿಂತಿರುತ್ತಿದ್ದರು. ಆರು ಗಂಟೆ ಒಂದು ನಿಮಿಷಕ್ಕೆ ಬಂದ ಹುಡುಗಿ ಎರಡು ಸುತ್ತು ಹೆಚ್ಚಿಗೆ ಓಡುತ್ತಿದ್ದಳು. ಜಡೆ ಬಿಗಿಯಾಗಿ ಹೆಣೆದಿರಬೇಕು. ಉಗುರು ಕತ್ತರಿಸಿರಬೇಕು. ಶೂ ಲೇಸಿನ ತುದಿ ಹೊರಗೆ ನೇತಾಡಬಾರದು. ಮೇಡಂ ತಟ್ಟೆಗೆ ಅನ್ನವನ್ನೂ ಸ್ಕೇಲಿಟ್ಟು ಬಡಿಸಿಕೊಳ್ಳುತ್ತಾರೆ ಎಂದು ಹುಡುಗಿಯರು ಬೆನ್ನ ಹಿಂದೆ ನಗುತ್ತಿದ್ದರು. ಆ ಮಾತು ಅವರ ಕಿವಿಗೂ ಬಿದ್ದಿತ್ತು. ಅವರು ಅದನ್ನು ಹೊಗಳಿಕೆ ಎಂದೇ ತೆಗೆದುಕೊಂಡರು.

ಮಕ್ಕಳೇ, ಈ ಆಟ ಗೊತ್ತಿಲ್ಲದವರಿಗೆ ಮೊದಲು ಎರಡು ಮಾತು. ಸಾಫ್ಟ್‌ಬಾಲ್ ಮೈದಾನದಲ್ಲಿ ಸುಣ್ಣದಿಂದ ಒಂದು ಚೌಕ ಎಳೆಯುತ್ತಾರೆ. ಅದರ ಒಂದೊಂದು ಮೂಲೆಗೂ ಬೇಸ್ ಎಂದು ಹೆಸರು. ಒಂದು ಬೇಸಿನಿಂದ ಇನ್ನೊಂದಕ್ಕೆ ಸರಿಯಾಗಿ ಅರವತ್ತು ಅಡಿ. ಬ್ಯಾಟು ಹಿಡಿದವಳು ಚೆಂಡನ್ನು ಹೊಡೆದ ಕೂಡಲೇ ಮೊದಲ ಬೇಸಿಗೆ ಓಡಬೇಕು. ಚೆಂಡು ಅವಳಿಗಿಂತ ಮುಂಚೆ ಅಲ್ಲಿಗೆ ತಲುಪಿದರೆ ಔಟು. ಅವಳೇ ಮುಂಚೆ ತಲುಪಿದರೆ ಸೇಫು. ಒಂದು ಗೇಣಿನ ಅಂತರದಲ್ಲಿ ಪಂದ್ಯ ಕೈಗೆ ಬರುತ್ತದೆ, ಅಷ್ಟೇ ಅಂತರದಲ್ಲಿ ಕೈಬಿಟ್ಟು ಹೋಗುತ್ತದೆ.

ಪ್ರೇಮಲೀಲಾ ಇದೇ ಕಾಲೇಜಿನಲ್ಲಿ ಓದಿದವರು, ಇದೇ ಮೈದಾನದಲ್ಲಿ ಆಡಿದವರು. ಅವರ ತಂದೆ ಅರಸೀಕೆರೆಯಲ್ಲಿ ರೈಲ್ವೆ ಗಾರ್ಡ್ ಆಗಿದ್ದರು. ಹೊತ್ತಿಗೆ ಸರಿಯಾಗಿ ಬಾವುಟ ಬೀಸುವ ಮನೆಯಿಂದ ಬಂದ ಹುಡುಗಿ ಎತ್ತರವಾಗಿದ್ದಳು, ನೇರವಾಗಿದ್ದಳು, ಮಾತು ಕಡಿಮೆ. ಎರಡನೆಯ ವರ್ಷಕ್ಕೇ ತಂಡದ ನಾಯಕಿಯಾದಳು.

ಆಗ ಒಂದು ಘಟನೆ ನಡೆಯಿತು. ಅಂತರ ಕಾಲೇಜು ಪಂದ್ಯದ ಬೆಳಿಗ್ಗೆ, ಮೈದಾನ ಅಳೆಯುವ ಗಂಟು ಹಾಕಿದ ಹಗ್ಗ ಎಲ್ಲಿ ಹುಡುಕಿದರೂ ಸಿಗಲಿಲ್ಲ. ಎಲ್ಲರೂ ಕೈಕೈ ಹಿಸುಕಿಕೊಳ್ಳುತ್ತಿದ್ದಾಗ ಪ್ರೇಮಲೀಲಾ ಸುಣ್ಣದ ಡಬ್ಬ ಎತ್ತಿಕೊಂಡು ನಡೆದೇಬಿಟ್ಟಳು. ತನ್ನ ಒಂದು ಹೆಜ್ಜೆ ಎರಡೂವರೆ ಅಡಿ ಎಂದು ಅವಳಿಗೆ ಗೊತ್ತಿತ್ತು. ಇಪ್ಪತ್ನಾಲ್ಕು ಹೆಜ್ಜೆಗೆ ಒಂದು ಬೇಸ್. ಹೀಗೆ ನಾಲ್ಕು ಮೂಲೆಯನ್ನೂ ಗುರುತು ಮಾಡಿದಳು. ಒಂಬತ್ತು ಗಂಟೆಗೆ ಅಂಪೈರು ಬಂದು ಉಕ್ಕಿನ ಟೇಪು ಹಿಡಿದು ಅಳೆದರು. ಅರವತ್ತು ಅಡಿ. ಒಂದು ಬೆರಳು ಹೆಚ್ಚಿಲ್ಲ, ಒಂದು ಬೆರಳು ಕಡಿಮೆಯಿಲ್ಲ. ಅವರು ತಲೆಯೆತ್ತಿ, ತೂಕದ ಬಟ್ಟಿಗೆ ಸೀಲು ಹಾಕುವ ಹಾಗೆ ಸರ್ಕಾರದವರು ಈ ಹುಡುಗಿಯ ಕಾಲಿಗೂ ಸೀಲು ಹಾಕಬೇಕು ಎಂದರು.

ಆ ಮಾತು ಅವಳ ಜೊತೆಗೇ ಬೆಳೆಯಿತು. ಅವಳು ವಿಶ್ವವಿದ್ಯಾಲಯಕ್ಕೆ ಆಡಿದಳು. ಏಳು ವರ್ಷ ರಾಜ್ಯ ತಂಡದಲ್ಲಿದ್ದಳು. ತರಬೇತಿಯ ಡಿಪ್ಲೊಮಾ ಮುಗಿಸಿ, ಇಪ್ಪತ್ತೆಂಟನೆಯ ವಯಸ್ಸಿಗೆ ಅದೇ ಕಾಲೇಜಿಗೆ ದೈಹಿಕ ಶಿಕ್ಷಣದ ಮೇಡಂ ಆಗಿ ವಾಪಸ್ ಬಂದಳು. ಇಪ್ಪತ್ತೈದು ವರ್ಷಗಳಲ್ಲಿ ಅವರ ಹುಡುಗಿಯರು ಹನ್ನೊಂದು ಸಲ ಕಪ್ಪು ಗೆದ್ದರು. ಪ್ರಾಂಶುಪಾಲರ ಕೋಣೆಯ ಗಾಜಿನ ಬೀರುವಿನಲ್ಲಿ ಇನ್ನೊಂದು ಕಪ್ಪಿಗೆ ಜಾಗವಿಲ್ಲದೆ, ಎರಡನ್ನು ಗ್ರಂಥಾಲಯದಲ್ಲಿ ಇಟ್ಟಿದ್ದರು.

ಭಾನುವಾರ ಕಾಲೇಜಿನಲ್ಲಿ ಏನಾದರೊಂದು ಸರ್ಕಾರಿ ಪರೀಕ್ಷೆ ಇರುತ್ತಿತ್ತು. ಪರೀಕ್ಷೆಗೆ ಬಂದವರ ಸ್ಕೂಟರುಗಳು ಮೈದಾನದ ತುಂಬ ನಿಲ್ಲುತ್ತಿದ್ದವು. ಸಂಜೆಗೆ ಸುಣ್ಣದ ಗೆರೆ ಹೇಳಹೆಸರಿಲ್ಲದಂತೆ ಅಳಿಸಿಹೋಗುತ್ತಿತ್ತು. ಆದ್ದರಿಂದ ಪ್ರತಿ ಸೋಮವಾರ ಬೆಳಿಗ್ಗೆ ಪ್ರೇಮಲೀಲಾ ಮೇಡಂ ಹೊಸದಾಗಿ ಮೈದಾನ ಹಾಕುತ್ತಿದ್ದರು. ಹುಡುಗಿಯರು ಸಾಲಾಗಿ ನಿಂತು ನೋಡಬೇಕು. ಮೇಡಂ ಬೆನ್ನು ನೆಟ್ಟಗಿಟ್ಟು, ಎದುರಿನ ಗೋಡೆಯ ಮೇಲೆ ದೃಷ್ಟಿಯಿಟ್ಟು, ಇಪ್ಪತ್ನಾಲ್ಕು ಹೆಜ್ಜೆ ನಡೆಯುವರು. ಹಿಂದೆ ಒಬ್ಬಳು ಸುಣ್ಣ ಸುರಿಯುತ್ತ ಬರುವಳು. ಒಬ್ಬ ಹೊಸ ಸಹಾಯಕಿ ಒಮ್ಮೆ, ಅಂಗಡಿಯಲ್ಲಿ ಒಳ್ಳೆಯ ಟೇಪು ಸಿಗುತ್ತದೆ, ತರೋಣವೇ ಎಂದು ಕೇಳಿದಳು. ಕಾಲಿದ್ದವರಿಗೆ ಟೇಪು ಯಾಕೆ ಎಂದರು ಮೇಡಂ. ಆಮೇಲೆ ಯಾರೂ ಕೇಳಲಿಲ್ಲ.

ಈಚಿನ ಮೂರು ವರ್ಷಗಳಿಂದ ಮಾತ್ರ ಕಪ್ಪು ಬಂದಿರಲಿಲ್ಲ.

ಅದರಲ್ಲಿ ವಿಚಿತ್ರವೊಂದಿತ್ತು. ಅಭ್ಯಾಸದಲ್ಲಿ ಹುಡುಗಿಯರು ಮಿಂಚಿನ ಹಾಗೆ ಓಡುತ್ತಿದ್ದರು. ಮೇಡಂ ಕೈಯಲ್ಲಿನ ಸ್ಟಾಪ್‌ವಾಚು ಹಳೆಯ ತಂಡಗಳಿಗಿಂತ ಒಳ್ಳೆಯ ಲೆಕ್ಕವನ್ನೇ ತೋರಿಸುತ್ತಿತ್ತು. ಹೊರಗಿನ ಮೈದಾನಕ್ಕೆ ಹೋದರೆ ಅದೇ ಹುಡುಗಿಯರು ಪ್ರತಿ ಬೇಸಿನಲ್ಲೂ ಅರ್ಧ ಹೆಜ್ಜೆಯಲ್ಲಿ ಔಟಾಗುತ್ತಿದ್ದರು. ಎಸೆದ ಚೆಂಡು ಗೆಳತಿಯ ಕೈ ಸೇರುವ ಮೊದಲೇ ನೆಲಕ್ಕೆ ಬೀಳುತ್ತಿತ್ತು. ಮನೆಯಲ್ಲಿ ಓಡುವವಳು ಹೊರಗೆ ಓಡುವುದಿಲ್ಲ ಎಂದರೆ ಅದು ಕಾಲಿನ ದೋಷವಲ್ಲ, ಎದೆಯ ದೋಷ. ಹೀಗೆಂದು ಮೇಡಂ ತೀರ್ಮಾನಿಸಿದರು. ಈಗಿನವರಿಗೆ ಧೈರ್ಯವಿಲ್ಲ, ಮೊಬೈಲು ಹಿಡಿದ ಕೈಗೆ ಚೆಂಡು ನಿಲ್ಲುವುದಿಲ್ಲ ಎಂದು ಸ್ಟಾಫ್ ರೂಮಿನಲ್ಲಿ ಹೇಳಿದರು. ಸ್ಟಾಫ್ ರೂಮು ಒಪ್ಪಿತು. ಅಂಥ ಮಾತನ್ನು ಒಪ್ಪದ ಸ್ಟಾಫ್ ರೂಮು ಎಲ್ಲಿದೆ?

ತಂಡದಲ್ಲಿ ದಾಕ್ಷಾಯಿಣಿ ಎಂಬ ಹುಡುಗಿಯಿದ್ದಳು. ಗುಬ್ಬಿಯವಳು, ಬಿ.ಎ. ಕೊನೆಯ ವರ್ಷ. ಅವಳ ತಂದೆ ತೆಂಗಿನಕಾಯಿ ಲಾರಿ ಓಡಿಸುತ್ತಿದ್ದರು. ಅವಳಿಗಿದ್ದದ್ದು ಒಂದೇ ಗುರಿ. ದೈಹಿಕ ಶಿಕ್ಷಣದ ಪದವಿ ಓದಿ ತಾನೂ ತರಬೇತುದಾರಳಾಗಬೇಕು. ಕ್ರೀಡಾ ಕೋಟಾದ ಸೀಟು ಸಿಗಬೇಕಾದರೆ ವಿಶ್ವವಿದ್ಯಾಲಯದ ತಂಡಕ್ಕೆ ಒಂದು ಸಲವಾದರೂ ಆಡಿರಬೇಕು. ಅವಳಿಗೆ ಉಳಿದದ್ದು ಈ ವರ್ಷ ಒಂದೇ.

ಆ ವರ್ಷ ಹಾಸನದ ಟೂರ್ನಿಯಲ್ಲಿ ದಾಕ್ಷಾಯಿಣಿ ಮೂರು ಸಲ ಚೆನ್ನಾಗಿ ಹೊಡೆದು, ಮೂರು ಸಲವೂ ಮೊದಲ ಬೇಸಿನಲ್ಲಿ ಔಟಾದಳು. ಮೂರೂ ಅರ್ಧ ಹೆಜ್ಜೆಯಲ್ಲೇ. ಪಂದ್ಯ ಹೋಯಿತು. ಮರುದಿನ ಮೇಡಂ ವಿಶ್ವವಿದ್ಯಾಲಯದಿಂದ ಬಂದಿದ್ದ ಫಾರಂ ತುಂಬಿದರು. ಆಯ್ಕೆಗೆ ಹೋಗಬಯಸುವ ಪ್ರತಿಯೊಬ್ಬಳ ಹೆಸರಿನ ಮುಂದೆ ತರಬೇತುದಾರರು ಅಭಿಪ್ರಾಯ ಬರೆಯಬೇಕಿತ್ತು. ದಾಕ್ಷಾಯಿಣಿಯ ಹೆಸರಿನ ಮುಂದೆ ಮೇಡಂ ದುಂಡಗಿನ ಅಕ್ಷರದಲ್ಲಿ ಹೀಗೆ ಬರೆದರು: ‘ಅಭ್ಯಾಸದಲ್ಲಿ ಚುರುಕು. ಪಂದ್ಯದಲ್ಲಿ ಕೊನೆಯ ಹೆಜ್ಜೆಗೆ ಧೈರ್ಯ ಸಾಲದು. ಶಿಫಾರಸು ಮಾಡುವುದಿಲ್ಲ.’ ಸಹಿ ಹಾಕಿ ಕಳಿಸಿದರು. ಬೆನ್ನ ಹಿಂದೆ ಬರೆಯುವುದು ಅವರ ಸ್ವಭಾವವಲ್ಲ. ದಾಕ್ಷಾಯಿಣಿಯನ್ನು ಸ್ಟಾಫ್ ರೂಮಿಗೆ ಕರೆದು, ಬರೆದದ್ದನ್ನು ಅವಳಿಗೇ ಹೇಳಿದರು.

ಹುಡುಗಿ ಅಳಲಿಲ್ಲ. ನೇರವಾಗಿ ಕೇಳಿದಳು.

“ಮೇಡಂ, ಒಂದು ಮಾತು ಹೇಳಲಾ? ನಮ್ಮ ಗ್ರೌಂಡಲ್ಲಿ ನಾನು ಹದಿಮೂರು ಹೆಜ್ಜೆಗೆ ಬೇಸ್ ಮುಟ್ಟುತ್ತೀನಿ. ಹಾಸನದಲ್ಲಿ ಹದಿನಾಲ್ಕಾಯಿತು.”

“ಹೆದರಿದಾಗ ಹೆಜ್ಜೆ ಚಿಕ್ಕದಾಗುತ್ತದೆ.”

“ಕಡೂರಲ್ಲೂ ಹದಿನಾಲ್ಕು, ಮೈಸೂರಲ್ಲೂ ಹದಿನಾಲ್ಕು. ಮಿಕ್ಕವರನ್ನೂ ಕೇಳಿದೆ. ಎಲ್ಲರಿಗೂ ಹೊರಗೆ ಒಂದು ಹೆಜ್ಜೆ ಜಾಸ್ತಿ. ಎಲ್ಲರೂ ಒಂದೇ ಅಳತೆಗೆ ಹೆದರುತ್ತೀವಾ ಮೇಡಂ?”

ಸ್ಟಾಫ್ ರೂಮಿನಲ್ಲಿ ಯಾರೋ ಚಹಾದ ಲೋಟ ಕೆಳಗಿಟ್ಟ ಸದ್ದು ಕೇಳಿಸಿತು. ಹೆಜ್ಜೆ ಎಣಿಸುತ್ತ ಓಡುವುದನ್ನು ಯಾರು ಹೇಳಿಕೊಟ್ಟರು ಎಂದು ಮೇಡಂ ಗದರಿದರು.

“ನೀವೇ ಹೇಳಿಕೊಟ್ಟಿದ್ದು ಮೇಡಂ,” ಎಂದಳು ದಾಕ್ಷಾಯಿಣಿ.

ಅದು ನಿಜವಾಗಿತ್ತು. ಆದ್ದರಿಂದಲೇ ಮೇಡಂಗೆ ಇನ್ನಷ್ಟು ಸಿಟ್ಟು ಬಂತು. ಎದುರುತ್ತರಕ್ಕೆ ನಾಲ್ಕು ಸುತ್ತು ಓಡು ಎಂದು ಕಳಿಸಿದರು. ಹುಡುಗಿ ಹೋಗಿ ನಾಲ್ಕು ಸುತ್ತು ಓಡಿದಳು. ಒಂದೂ ಕಡಿಮೆ ಮಾಡಲಿಲ್ಲ. ಕಿಟಕಿಯಿಂದ ಮೇಡಂ ನೋಡುತ್ತಿದ್ದರು. ಕೊನೆಯ ಸುತ್ತಿನ ಕೊನೆಯ ಹೆಜ್ಜೆಯವರೆಗೂ ಅವಳ ಓಟದಲ್ಲಿ ಸಡಿಲ ಕಾಣಲಿಲ್ಲ. ಕೊನೆಯ ಹೆಜ್ಜೆಗೆ ಧೈರ್ಯ ಸಾಲದವಳು ಹೀಗೆ ಓಡುವುದಿಲ್ಲ. ಇದು ಇಪ್ಪತ್ತೈದು ವರ್ಷ ಹುಡುಗಿಯರ ಓಟ ನೋಡಿದ ಕಣ್ಣಿಗೆ ತಿಳಿಯದೆ ಇರುವ ವಿಷಯವಲ್ಲ.

ಮಧ್ಯಾಹ್ನ ಎಲ್ಲರೂ ಊಟಕ್ಕೆ ಹೋದಾಗ ಮೇಡಂ ಮೈದಾನಕ್ಕೆ ಇಳಿದರು. ಪಕ್ಕದಲ್ಲಿ ಕಾಲೇಜಿನ ಹೊಸ ಕಟ್ಟಡ ಏಳುತ್ತಿತ್ತು. ಅಲ್ಲಿನ ಮೇಸ್ತ್ರಿ ಮುನಿಯಪ್ಪನಿಂದ ಟೇಪು ಇಸಕೊಂಡು, ಒಂದು ತುದಿಯನ್ನು ಅವನ ಕೈಗೇ ಕೊಟ್ಟು ಬೇಸಿನಿಂದ ಬೇಸಿಗೆ ಎಳೆದರು.

ಐವತ್ತಾರು ಅಡಿ.

ಟೇಪು ಸರಿಯಿಲ್ಲ ಎಂದರು ಮೇಡಂ.

“ಮೊನ್ನೆ ತಂದಿದ್ದು ಮೇಡಮ್ಮೋರೆ,” ಎಂದ ಮುನಿಯಪ್ಪ. “ಇದು ಸರಿಯಿಲ್ಲ ಅಂದ್ರೆ ನಿಮ್ಮ ಕಟ್ಟಡಾನೂ ಸರಿಯಿಲ್ಲ. ಬೇರೆ ಟೇಪು ಬೇಕಾದ್ರೆ ಐತೆ, ತರ್ಲಾ?”

ಬೇರೆಯದನ್ನು ತಂದ. ಅದೂ ಐವತ್ತಾರು ಎಂದಿತು. ಎರಡನೆಯ ಬೇಸಿಗೆ, ಮೂರನೆಯ ಬೇಸಿಗೆ ಅಳೆದರು. ಎಲ್ಲ ಕಡೆಯೂ ನಾಲ್ಕು ಅಡಿ ಕಡಿಮೆ. ಮುನಿಯಪ್ಪನನ್ನು ಊಟಕ್ಕೆ ಕಳಿಸಿ, ಮೇಡಂ ಸಡಿಲ ಮಣ್ಣಿನ ಮೇಲೆ ಎಂದಿನಂತೆ ನೆಟ್ಟಗೆ ನಡೆದರು. ಆಮೇಲೆ ಬಗ್ಗಿ, ಎರಡು ಶೂ ಗುರುತುಗಳ ನಡುವೆ ಟೇಪು ಇಟ್ಟರು. ಎರಡು ಅಡಿ ನಾಲ್ಕು ಇಂಚು.

ನಾಲ್ಕು ವರ್ಷಗಳಿಂದ ಅವರ ಬಲ ಮಂಡಿ ನೋಯುತ್ತಿತ್ತು. ಅದನ್ನು ಅವರು ಯಾರಿಗೂ ಹೇಳಿರಲಿಲ್ಲ. ನೋವು ಹೆಜ್ಜೆಯನ್ನು ಸ್ವಲ್ಪ ಸ್ವಲ್ಪವೇ ಕುಗ್ಗಿಸುತ್ತ ಬಂದಿತ್ತು. ವರ್ಷಕ್ಕೆ ಅರ್ಧ ಇಂಚಿನಂತೆ ಬಂದ ಬದಲಾವಣೆ ಯಾರ ಕಣ್ಣಿಗೆ ಬೀಳುತ್ತದೆ? ಎಣಿಕೆ ಇಪ್ಪತ್ನಾಲ್ಕರಲ್ಲೇ ನಿಂತಿತ್ತು, ಮೈದಾನ ಮಾತ್ರ ಕಿರಿದಾಗುತ್ತ ಹೋಗಿತ್ತು. ಹುಡುಗಿಯರು ಪ್ರತಿದಿನ ಐವತ್ತಾರು ಅಡಿಗೆ ಕಾಲನ್ನೂ ಕೈಯನ್ನೂ ಪಳಗಿಸಿಕೊಂಡು, ಹೊರಗೆ ಅರವತ್ತು ಅಡಿಯ ಮೈದಾನದಲ್ಲಿ ಸೋಲುತ್ತಿದ್ದರು. ಸ್ಟಾಪ್‌ವಾಚು ತೋರಿಸಿದ ಒಳ್ಳೆಯ ಲೆಕ್ಕವೂ ಇದರದ್ದೇ ಕೆಲಸ.

ಮೇಡಂ ಮೈದಾನದ ನಡುವೆ ನಿಂತು ಯೋಚಿಸಿದರು. ನೋಡಿದವರು ಯಾರೂ ಇಲ್ಲ. ಮುನಿಯಪ್ಪನಿಗೆ ಅರವತ್ತು ಅಡಿಯ ವಿಷಯ ಗೊತ್ತಿಲ್ಲ. ಸೋಮವಾರ ಇಪ್ಪತ್ತಾರಕ್ಕೆ ಚೂರು ಕಡಿಮೆ ಹೆಜ್ಜೆ ನಡೆದರೆ ಮೈದಾನ ಸರಿಹೋಗುತ್ತದೆ, ಮುಂದಿನ ವರ್ಷ ತಂಡ ಗೆಲ್ಲುತ್ತದೆ, ಹೆಸರು ಉಳಿಯುತ್ತದೆ. ಆದರೆ ದಾಕ್ಷಾಯಿಣಿಗೆ ಮುಂದಿನ ವರ್ಷ ಎಂಬುದಿಲ್ಲ. ಅವಳ ಹೆಸರಿನ ಮುಂದೆ ತಾವು ಬರೆದ ಮೂರು ಸಾಲು ಆಗಲೇ ಮೈಸೂರಿನ ಆಯ್ಕೆ ಸಮಿತಿಗೆ ಹೊರಟುಹೋಗಿದೆ. ಆ ಸಾಲು ಸುಳ್ಳು.

ಅವರು ಹೆಚ್ಚು ಹೊತ್ತು ನಿಲ್ಲಲಿಲ್ಲ. ಟೇಪು ಸುತ್ತಿ ಮೇಸ್ತ್ರಿಗೆ ಕೊಟ್ಟು, ನೇರ ಅಂಗಡಿಗೆ ಹೋಗಿ ಅಂಥದೇ ಒಂದು ಕೊಂಡರು.

ಮರುದಿನ ಬೆಳಿಗ್ಗೆ ಆರು ಗಂಟೆಗೆ ಹುಡುಗಿಯರನ್ನು ಸಾಲಾಗಿ ನಿಲ್ಲಿಸಿದರು. ಯಾವಾಗಲೂ ಮಾತಾಡುವ ಅದೇ ಗಟ್ಟಿ ದನಿಯಲ್ಲಿ ವಿಷಯ ತಿಳಿಸಿದರು. ಮೈದಾನ ನಾಲ್ಕು ಅಡಿ ಚಿಕ್ಕದಾಗಿತ್ತು, ತಪ್ಪು ತಮ್ಮದು, ಮೂರು ವರ್ಷ ನಿಮ್ಮನ್ನು ಬೈದದ್ದು ಅನ್ಯಾಯ ಎಂದರು. ಸಾಲಿನ ತುದಿಯಲ್ಲಿದ್ದ ಒಬ್ಬಳು, ಹಾಗಾದರೆ ಸೋತಾಗಲೆಲ್ಲ ನಾವು ಓಡಿದ ಸುತ್ತುಗಳ ಗತಿ ಏನು ಮೇಡಂ ಎಂದು ಮೆಲ್ಲಗೆ ಕೇಳಿದಳು. ಅದು ವ್ಯಾಯಾಮ, ವಾಪಸ್ ಕೊಡಲು ಬರುವುದಿಲ್ಲ ಎಂದರು ಮೇಡಂ. ಎಲ್ಲರೂ ನಕ್ಕರು. ಆಮೇಲೆ ಟೇಪಿನ ಒಂದು ತುದಿಯನ್ನು ದಾಕ್ಷಾಯಿಣಿಯ ಕೈಗೆ ಕೊಟ್ಟರು.

ಆಯ್ಕೆಗೆ ಎಂಟು ದಿನ ಉಳಿದಿತ್ತು. ಅರವತ್ತು ಅಡಿಯ ಮೈದಾನದಲ್ಲಿ ಮೊದಲ ಮೂರು ದಿನ ದಾಕ್ಷಾಯಿಣಿ ಪ್ರತಿ ಸಲವೂ ತಡವಾಗಿ ತಲುಪಿದಳು. ಹೊಡೆದು ನಿಂತು ಚೆಂಡನ್ನು ಕಣ್ತುಂಬ ನೋಡಿ ಓಡುವ ಅಭ್ಯಾಸ ಅವಳಿಗಿತ್ತು. ಚಿಕ್ಕ ಮೈದಾನದಲ್ಲಿ ಅದಕ್ಕೆ ಪುರಸೊತ್ತಿತ್ತು, ಇಲ್ಲಿ ಇಲ್ಲ. ಮೇಡಂ ಆ ಅಭ್ಯಾಸವನ್ನು ಬಿಡಿಸಿದರು. ಏಳನೆಯ ದಿನ ಅವಳು ಐದರಲ್ಲಿ ಮೂರು ಸಲ ಚೆಂಡಿಗಿಂತ ಮುಂಚೆ ತಲುಪಿದಳು.

ಎಂಟನೆಯ ದಿನ ಮೇಡಂ ಅವಳನ್ನು ಕರೆದುಕೊಂಡು ಮೈಸೂರಿಗೆ ಹೋದರು.

ಆಯ್ಕೆ ಸಮಿತಿಯ ಅಧ್ಯಕ್ಷೆ ವಾರಿಜಾಕ್ಷಿ. ಅವರೂ ಹಳೆಯ ಆಟಗಾರ್ತಿ. ಹುಡುಗಿಯಾಗಿದ್ದಾಗ ಪ್ರೇಮಲೀಲಾ ಎದುರು ಆಡಿ ಎಷ್ಟೋ ಸಲ ಸೋತವರು, ಅದನ್ನು ಮರೆಯದವರು. ಮೇಜಿನ ಸುತ್ತ ಒಂಬತ್ತು ಕಾಲೇಜುಗಳ ತರಬೇತುದಾರರು ಕುಳಿತಿದ್ದರು. ವಾರಿಜಾಕ್ಷಿ ಫೈಲು ತಿರುವಿ, ದಾಕ್ಷಾಯಿಣಿ ಎಂಬ ಹೆಸರನ್ನು ಹೊಡೆದುಹಾಕಿದ್ದೇವೆ, ನೀವೇ ಬೇಡ ಅಂದಿದ್ದೀರಲ್ಲ ಎಂದರು.

ಪ್ರೇಮಲೀಲಾ ಎದ್ದು ನಿಂತರು. “ಅದು ತಪ್ಪು ಬರಹ. ನಾನು ಮೊದಲಿನಿಂದಲೂ ಮೈದಾನವನ್ನು ಟೇಪು ಹಿಡಿಯದೆ ಹೆಜ್ಜೆಯಲ್ಲಿ ಹಾಕಿದ್ದೇನೆ. ನಾಲ್ಕು ವರ್ಷದಿಂದ ನನ್ನ ಹೆಜ್ಜೆ ಚಿಕ್ಕದಾಗುತ್ತ ಬಂದು, ಮೈದಾನ ಐವತ್ತಾರು ಅಡಿಗೆ ಇಳಿದಿದೆ. ಹುಡುಗಿಯ ಧೈರ್ಯಕ್ಕೆ ಏನೂ ಆಗಿಲ್ಲ. ಅವಳನ್ನು ಓಡಿಸಿ ನೋಡಿ.”

ಮೇಜಿನ ಸುತ್ತ ಗುಸುಗುಸು ಎದ್ದಿತು. ಆ ತುದಿಯಲ್ಲಿ ಯಾರೋ, ಸೀಲು ಹಾಕಿದ ಕಾಲಲ್ಲವೇ ಅದು ಎಂದರು. ಒಂದಿಬ್ಬರು ನಕ್ಕರು. ಪ್ರೇಮಲೀಲಾ ಆ ಕಡೆ ನೋಡಲಿಲ್ಲ. ನಿಂತೇ ಇದ್ದರು.

ವಾರಿಜಾಕ್ಷಿ ನಗಲಿಲ್ಲ. ಬಾಯಿಮಾತು ನಡೆಯುವುದಿಲ್ಲ, ಸಹಿ ಹಾಕಿದ ಪತ್ರ ಫೈಲಿನಲ್ಲಿರುವಾಗ ಅದನ್ನು ರದ್ದು ಮಾಡಲು ಇನ್ನೊಂದು ಸಹಿ ಬೇಕು ಎಂದು ಬಿಳಿ ಹಾಳೆ ಮುಂದಿಟ್ಟರು. ಅವಸರದಲ್ಲಿ ತಪ್ಪಾಗಿದೆ ಎಂದು ಒಂದು ಸಾಲು ಬರೆದರೆ ಸಾಕು ಎಂದೂ ಹೇಳಿದರು. ಪ್ರೇಮಲೀಲಾ ಕುಳಿತು ಬರೆದರು. ಒಂದು ಸಾಲು ಬರೆಯಲಿಲ್ಲ. ಹೆಜ್ಜೆಯ ಅಳತೆ, ಮೈದಾನದ ಅಳತೆ, ಎಷ್ಟು ವರ್ಷ, ಯಾರ ಹೊಣೆ, ಎಲ್ಲವನ್ನೂ ಬರೆದು, ಹೆಸರು, ಹುದ್ದೆ, ತಾರೀಖು ಹಾಕಿ ಸಹಿ ಮಾಡಿದರು.

ದಾಕ್ಷಾಯಿಣಿಯನ್ನು ಮೈದಾನಕ್ಕೆ ಕರೆದರು. ಮೊದಲ ಸಲ ಹೊಡೆದು ಓಡಿದಳು, ಔಟಾದಳು. ಬಳಿಯಲ್ಲಿದ್ದ ಒಬ್ಬರು ಪ್ರೇಮಲೀಲಾ ಕಡೆ ತಿರುಗಿ ನೋಡಿದರು. ಎರಡನೆಯ ಸಲ ಚೆಂಡು ಬ್ಯಾಟಿಗೆ ತಾಗಿದ ಸದ್ದಿಗೇ ಅವಳು ಹೊರಟುಬಿಟ್ಟಿದ್ದಳು. ಚೆಂಡು ಎಲ್ಲಿ ಬಿತ್ತು ಎಂದು ತಿರುಗಿ ನೋಡಲಿಲ್ಲ. ಬೇಸನ್ನು ತುಳಿದು ಮುಂದೆ ಹೋದ ಮೇಲೆ ಚೆಂಡು ಬಂತು. ಸೇಫು. ಮೂರನೆಯ ಸಲವೂ ಸೇಫು. ನಾಲ್ಕನೆಯ ಸಲ ಎಡಗಡೆಗೆ ಮೆಲ್ಲಗೆ ತಳ್ಳಿ ಓಡಿದಳು. ಚೆಂಡು ಎತ್ತಿಕೊಂಡವಳು, ಇನ್ನು ಪ್ರಯೋಜನವಿಲ್ಲವೆಂದು, ಎಸೆಯುವುದನ್ನೇ ಬಿಟ್ಟಳು.

ಸಂಜೆ ಹದಿನಾರು ಹೆಸರುಗಳನ್ನು ಓದಿದರು. ಹದಿನಾಲ್ಕನೆಯದು ದಾಕ್ಷಾಯಿಣಿಯದು. ಅವಳು ಮೇಡಂ ಕಾಲಿಗೆ ನಮಸ್ಕರಿಸಲು ಬಗ್ಗಿದಳು. ಮೇಡಂ ತೋಳು ಹಿಡಿದು ಎಬ್ಬಿಸಿ, ಬೆವರು ಒರೆಸಿಕೋ, ತಣ್ಣಗೆ ಗಾಳಿಯಿದೆ ಎಂದರು. ಹುಡುಗಿ ಅಪ್ಪನಿಗೆ ಫೋನು ಮಾಡಲು ಓಡಿದಳು.

ಹೊರಡುವಾಗ ವಾರಿಜಾಕ್ಷಿ ಮೆಟ್ಟಿಲ ಬಳಿ ತಡೆದರು.

“ಏನ್ ಪ್ರೇಮಾ, ಒಂದು ಸಾಲು ಸಾಕು ಅಂದೆನಲ್ಲ. ಅಷ್ಟುದ್ದ ಯಾಕೆ ಬರೆದೆ? ಆ ಕಾಗದ ಎಂದೆಂದಿಗೂ ಫೈಲಿನಲ್ಲಿ ಇರುತ್ತೆ.”

“ಅವಳ ಬಗ್ಗೆ ನಾನು ಬರೆದಿದ್ದೂ ಇರುತ್ತಿತ್ತಲ್ಲ,” ಎಂದರು ಪ್ರೇಮಲೀಲಾ. ಮೆಟ್ಟಿಲಿನ ಕಂಬಿ ಹಿಡಿದು, ಮಂಡಿಯ ನೋವನ್ನು ಮುಚ್ಚಿಡದೆ, ಒಂದೊಂದೇ ಮೆಟ್ಟಿಲು ಇಳಿದರು.

ನೀತಿ: ಇನ್ನೊಬ್ಬರ ಕೊರತೆಯನ್ನು ಅಳೆಯುವ ಮುಂಚೆ ನಮ್ಮ ಅಳತೆ ಸರಿಯಿದೆಯೇ ಎಂದು ನೋಡಬೇಕು. ಹಿಂದೆ ಸರಿಯಿತ್ತು ಎಂಬುದು ಇಂದಿಗೆ ಸಾಕ್ಷಿಯಲ್ಲ. ತಪ್ಪು ನಮ್ಮದೆಂದು ತಿಳಿದಾಗ, ಯಾರ ಮುಂದೆ ಇನ್ನೊಬ್ಬರನ್ನು ತಪ್ಪಿತಸ್ಥರೆಂದೆವೋ ಅವರ ಮುಂದೆಯೇ, ಅಷ್ಟೇ ಗಟ್ಟಿಯಾಗಿ, ತಪ್ಪು ನನ್ನದು ಎಂದು ಹೇಳಬೇಕು.